ಮೊದಲ ಪದರ ಎಲ್ಲಿಂದ

ಹೋದ ಭಾನುವಾರ ಬೆಳಿಗ್ಗೆ ಮಗಳು ಅಡುಗೆಮನೆಯಲ್ಲಿ ಚಿಕ್ಕ ಬಟ್ಟಲೊಂದನ್ನು ಒಲೆಯ ಮೇಲಿಟ್ಟು ಔಡಲೆಣ್ಣೆ ಕಾಯಿಸುತ್ತಿದ್ದಳು. ಕೂದಲಿಗೆ ಒಳ್ಳೆಯದೆಂದು ಮೊಬೈಲಿನಲ್ಲಿ ಯಾರೋ ಹೇಳಿದ್ದರಂತೆ. ನಾನು ಹೊರಗಿನ ಕೋಣೆಯಲ್ಲಿ ಬಟ್ಟೆ ಮಡಚುತ್ತಿದ್ದೆ. ಆ ಎಣ್ಣೆಯ ವಾಸನೆ ಮೆಲ್ಲಗೆ ಬಂತು. ಮಂದವಾದ, ಮೂಗಿಗೆ ಅಂಟಿಕೊಳ್ಳುವಂಥ ವಾಸನೆ. ಅರ್ಧ ಮಡಚಿದ ಸೀರೆ ಕೈಯಲ್ಲೇ ಉಳಿಯಿತು. ಪುಣೆಯ ನಿಗಡಿಯಲ್ಲಿದ್ದ ಆ ಸಣ್ಣ ಬ್ಯೂಟಿ ಪಾರ್ಲರು, ಅರ್ಧ ಇಳಿಸಿದ ಅದರ ಶಟರು, ನೆಲದ ಮೇಲೆ ಹಾಸಿದ್ದ ಬಿಳಿ ಬಟ್ಟೆ… ಮತ್ತು ಎಣ್ಣೆ ಮೆತ್ತಿದ ಎರಡು ಕೈಗಳು ಕಣ್ಣೆದುರು ಬಂದವು.

ಅವರನ್ನು ನಾವೆಲ್ಲ ಪಾರ್ಲರ್ ಅಕ್ಕ ಎಂದೇ ಕರೆಯುತ್ತಿದ್ದೆವು. ಆಗ ಅವರಿಗೆ ಐವತ್ತರ ಹತ್ತಿರ. ಎತ್ತರದ ಆಳು, ಗಟ್ಟಿ ದನಿ. ಸೆರಗನ್ನು ಸೊಂಟಕ್ಕೆ ಬಿಗಿದು ನಿಂತರೆ ಪಾರ್ಲರಿನವರಿಗಿಂತ ಹೆಚ್ಚಾಗಿ ಶಾಲೆಯ ಹೆಡ್‌ಮಾಸ್ತರರಂತೆ ಕಾಣುತ್ತಿದ್ದರು. ಒಂದು ಕಡೆ ಹಿಟ್ಟಿನ ಗಿರಣಿ, ಇನ್ನೊಂದು ಕಡೆ ಬ್ಲೌಸ್ ಹೊಲಿಯುವವರ ಅಂಗಡಿ, ನಡುವೆ ಹತ್ತು ಅಡಿ ಅಗಲದ ಅವರ ಪಾರ್ಲರು. ಎರಡು ಕುರ್ಚಿ, ಗೋಡೆಯುದ್ದದ ಒಂದು ಕನ್ನಡಿ, ಆ ಕನ್ನಡಿಯ ಮೂಲೆಯಲ್ಲಿ ಜೇಜುರಿಯಿಂದ ತಂದ ಭಂಡಾರದ ಹಳದಿ ಬೊಟ್ಟು. ಬಂದವರೊಂದಿಗೆ ಅವರು ಆಡುತ್ತಿದ್ದ ಮರಾಠಿ ಕೇಳಿದರೆ ಪುಣೆಯಲ್ಲೇ ಹುಟ್ಟಿದವರು ಅನ್ನಿಸುತ್ತಿತ್ತು. ಅವರು ನಮ್ಮವರು, ಅಕ್ಕಲಕೋಟೆ ಕಡೆಯ ಕನ್ನಡದವರು ಎಂದು ನನಗೆ ಗೊತ್ತಾದದ್ದು ಮೊದಲ ದಿನ ಅವರ ಕುರ್ಚಿಯಲ್ಲಿ ಕೂತಾಗ.

ನನಗಾಗ ಇಪ್ಪತ್ತಾರು. ಅಣ್ಣ ಮತ್ತು ಅವನ ಹೆಂಡತಿ, ನನ್ನ ವೈನಿ, ಇವರ ಮನೆಯಲ್ಲಿದ್ದುಕೊಂಡು ಆಕುರ್ಡಿಯ ಒಂದು ಕಾರ್ಖಾನೆಯ ಆಫೀಸಿಗೆ ಹೋಗುತ್ತಿದ್ದೆ. ಅವ್ವ ವಿಜಯಪುರದ ಹತ್ತಿರದ ನಮ್ಮ ಊರಲ್ಲಿದ್ದಳು. ನನ್ನ ಕೂದಲು ಸೊಂಟ ದಾಟಿತ್ತು. ಹೆಣ್ಣು ನೋಡಲು ಬಂದವರೆಲ್ಲ ಮೊದಲು ನನ್ನ ಜಡೆ ನೋಡುತ್ತಿದ್ದರು, ಆಮೇಲೆ ಮುಖ. ಆ ಕೂದಲು ನನ್ನದು ಅಂತ ನನಗೆ ಅನ್ನಿಸಿದ್ದೇ ಕಡಿಮೆ. ಅದು ಮನೆಯ ಆಸ್ತಿಯಂತಿತ್ತು. ತೊಳೆಯಲು ಅರ್ಧ ದಿನ, ಒಣಗಿಸಲು ಅರ್ಧ ದಿನ. ಒಂದು ಸಂಜೆ ಸಿಟಿ ಬಸ್ಸಿನಲ್ಲಿ ಹಿಂದೆ ನಿಂತವರ ಬ್ಯಾಗಿನ ಜಿಪ್ಪಿಗೆ ಜಡೆಯ ತುದಿ ಸಿಕ್ಕಿಕೊಂಡಿತು. ಅವರು ಇಳಿಯುವ ಸ್ಟಾಪು, ನನ್ನದಲ್ಲ. ಬಸ್ಸು ನಿಂತು, ಹತ್ತು ಜನ ಸೇರಿ ಬಿಡಿಸಿದರು. ಕಣ್ಣಲ್ಲಿ ನೀರು ಬಂತು, ನೋವಿಗಿಂತ ಅವಮಾನಕ್ಕೆ. ಮರುದಿನ ಒಂದು ಮಾಸಿಕದಿಂದ ಹರಿದಿಟ್ಟುಕೊಂಡ ಫೋಟೋ ಹಿಡಿದು ಆ ಪಾರ್ಲರಿಗೆ ಹೋದೆ. ಫೋಟೋದ ಹುಡುಗಿಯ ಕೂದಲು ಗದ್ದದಿಂದ ಶುರುವಾಗಿ ಪದರ ಪದರವಾಗಿ ಸೊಂಟದವರೆಗೆ ಇಳಿದಿತ್ತು.

ಕನ್ನಡಿಯಲ್ಲಿ ನನ್ನನ್ನೇ ನೋಡಿಕೊಂಡು, “ಇದನ್ನ ಕತ್ತರಿಸಿದ್ರ ಅವ್ವ ಮನಿ ಹೊರಗ ನಿಲ್ಲಸ್ತಾಳ” ಎಂದು ಗೊಣಗಿಕೊಂಡೆ. ಹಿಂದಿನಿಂದ ಕನ್ನಡ ಬಂತು.

“ನಿಲ್ಲಸೂದಿಲ್ಲ ಬಿಡ್ರಿ. ಕತ್ತರಿಸಿದ್ದು ಗೊತ್ತಾಗದಂಗ ಕತ್ತರಿಸೂದೂ ಒಂದು ವಿದ್ಯಾ ಅದ.”

ಆದರೆ ಅವರು ಅವತ್ತು ಕತ್ತರಿ ಮುಟ್ಟಲಿಲ್ಲ. ಜಡೆ ಬಿಚ್ಚಿಸಿದರು. ಬಾಗಿಲವರೆಗೆ ನಡೆದು ಹೋಗಿ ತಿರುಗಿ ಬಾ ಎಂದರು. ಒಂದು ಎಳೆಯನ್ನು ಬೆರಳ ನಡುವೆ ಹಿಡಿದು ತಿಕ್ಕಿ ನೋಡಿದರು. ಆಫೀಸಿಗೆ ಹೋಗುವಾಗ ಹೆಣೆಯುತ್ತೀಯೋ, ತುರುಬು ಕಟ್ಟುತ್ತೀಯೋ. ತೊಳೆದ ದಿನ ಕೂದಲು ಉಬ್ಬುತ್ತದೋ, ಬೀಳುತ್ತದೋ. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂಡುವ ಅಭ್ಯಾಸವೋ… ನನಗೆ ನಗು ಬಂತು. ಅವರು ನಗಲಿಲ್ಲ. ಫೋಟೋವನ್ನು ಕನ್ನಡಿಗೆ ಆನಿಸಿಟ್ಟರು.

“ಈಕೀದು ಗದ್ದದಿಂದ ಶುರು ಆಗ್ಯದ. ಈಕಿ ಜಡಿ ಹಾಕ್ಕೊಳ್ಳೂದಿಲ್ಲ, ಫೋಟೋ ತಗಸ್ಕೋತಾಳ. ನೀವು ಜಡಿ ಹಾಕ್ಕೊಂಡು ಬಸ್ ಹತ್ತೋರು. ಗದ್ದದ ಕೂದಲಾ ಜಡಿಯೊಳಗ ಸಿಗೂದಿಲ್ಲ, ಬಾಯಾಗ ಬರ್ತಾವ. ಉದ್ದಂದು ಎಲ್ಲಾರೂ ಕೇಳ್ತಾರವ್ವಾ. ಮೊದಲ ಪದರ ಎಲ್ಲಿಂದ ಅನ್ನೂದ ಖರೇ ಪ್ರಶ್ನಿ. ಎಂಟು ದಿವಸ ವಿಚಾರ ಮಾಡ್ರಿ. ದಿನಕ್ಕ ಎಷ್ಟು ಸರ್ತಿ ಕೂದಲಕ್ಕ ಕೈ ಹೋಗ್ತದ, ನೋಡ್ಕೋರಿ. ಆಮ್ಯಾಲ ಬರ್ರಿ.”

ಬಂದ ಗಿರಾಕಿಯನ್ನು ಹೀಗೆ ವಾಪಸು ಕಳಿಸುವವರನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಆದರೆ ಆ ಎಂಟು ದಿನ ನಿಜವಾಗಿಯೂ ಲೆಕ್ಕವಿಟ್ಟೆ. ಕೈ ಪದೇ ಪದೇ ಹೋಗುತ್ತಿದ್ದದ್ದು ಮುಖದ ಹತ್ತಿರಕ್ಕಲ್ಲ, ಹೆಗಲ ಹಿಂದಕ್ಕೆ. ಅಲ್ಲಿಂದ ಕೆಳಗೆ ಜಡೆ ಭಾರವಾಗಿತ್ತು. ಜೀವನದಲ್ಲಿ ನನ್ನ ತಲೆಯ ಬಗ್ಗೆ ನಾನೇ ಯೋಚಿಸಿದ್ದು ಅದೇ ಮೊದಲು.

ಎರಡನೇ ಸಲ ಹೋಗುವಾಗ ಧೈರ್ಯಕ್ಕೆ ಇರಲಿ ಎಂದು ವೈನಿಯನ್ನು ಕರೆದುಕೊಂಡು ಹೋದೆ. ವೈನಿ ಮನೆಯಿಂದ ಹೊರಗೆ ಬರುವುದೇ ಅಪರೂಪ. ಬಂದರೂ ತಲೆತುಂಬ ಸೆರಗು. ಆ ಸೆರಗಿನ ಕಾರಣ ನಮ್ಮ ಮನೆಯವರಿಗೆಲ್ಲ ಗೊತ್ತಿತ್ತು. ಅದಕ್ಕೂ ಐದು ವರ್ಷಗಳ ಹಿಂದೆ ಅವಳ ಮೊದಲ ಕೂಸು ಹುಟ್ಟುವಾಗಲೇ ಹೋಯಿತು. ಆಮೇಲೆ ಜ್ವರ. ಎರಡು ತಿಂಗಳು ಹಾಸಿಗೆ ಬಿಟ್ಟು ಏಳಲಿಲ್ಲ, ಯಾರೂ ತಲೆ ಬಾಚಲಿಲ್ಲ. ಎದ್ದಾಗ ಎಡಗಿವಿಯ ಮೇಲಿನ ಕೂದಲು ಬಾಚಣಿಗೆ ಹೋಗದಂತೆ ಗಂಟಾಗಿತ್ತು. ಅವ್ವ ಅದನ್ನು ನೋಡಿ ಕೈಮುಗಿದಳು. ಸೊಸೆ ಉಳಿದರೆ ನಿನ್ನವಳೆಂದು ತಿಳಿಯುತ್ತೇನೆ ಎಂದು ಎಲ್ಲಮ್ಮನಿಗೆ ಹರಕೆ ಹೊತ್ತಿದ್ದಳಂತೆ. ದೇವಿ ಬಂದು ಗುರುತು ಇಟ್ಟಿದ್ದಾಳೆ, ಇದು ಜಟೆ, ಇದಕ್ಕೆ ಕತ್ತರಿ ತಾಗಬಾರದು ಎಂದಳು. ಗಂಟು ಬೆಳೆಯಿತು. ಮುಂಗೈ ದಪ್ಪಗಾಗಿ, ಹಗ್ಗದಂತೆ ಗಟ್ಟಿಯಾಗಿ ಎದೆಯವರೆಗೆ ಇಳಿಯಿತು. ಉಳಿದ ಕೂದಲು ರೇಷ್ಮೆಯಂತೆ ಸೊಂಟದವರೆಗೆ ಇತ್ತು. ಎರಡು ವರ್ಷಕ್ಕೆ ಮಗ ಹುಟ್ಟಿದ, ಗುಂಡುಗುಂಡಗೆ ಬೆಳೆದ. ಅಲ್ಲಿಗೆ ಅವ್ವನ ನಂಬಿಕೆ ಗಟ್ಟಿಯಾಯಿತು. ವೈನಿಯ ಅಂಜಿಕೆ ಕೂಡ.

ಅವ್ವ ಕೆಟ್ಟವಳಲ್ಲ. ನಮ್ಮಲ್ಲಿಗೆ ಬಂದಾಗಲೆಲ್ಲ ಆ ಜಟೆಯನ್ನು ತಾನೇ ಅರಿಸಿನ ಹಚ್ಚಿ ತೊಳೆಯುತ್ತಿದ್ದಳು, ಮಗುವನ್ನು ತೊಳೆದಂತೆ.

ನನ್ನ ಕೂದಲು ಅವತ್ತು ಒಂದು ಗಂಟೆಯಲ್ಲಿ ಮುಗಿಯಿತು. ಮೊದಲ ಪದರ ಹೆಗಲೆಲುಬಿನಿಂದ, ಅಂದರೆ ಜಡೆಯಲ್ಲಿ ಸಿಗುವಷ್ಟು ಕೆಳಗೆ. ಉದ್ದದಲ್ಲಿ ಹೋದದ್ದು ಎರಡೇ ಬೆರಳು. “ಸ್ಟೆಪ್ ಬ್ಯಾರೆ, ಲೇಯರ್ ಬ್ಯಾರೆ. ಸ್ಟೆಪ್ಪಿನಾಗ ಮೆಟ್ಟಲ ಕಾಣಸ್ತಾವ. ಲೇಯರಿನಾಗ ಕಾಣಸಬಾರದು, ನೀರು ಹರದಂಗ ಇರಬೇಕು” ಎನ್ನುತ್ತಾ ಕೂದಲನ್ನು ಮೇಲಕ್ಕೆತ್ತಿ ಎತ್ತಿ ಕತ್ತರಿಸಿದರು. ಎದ್ದು ತಲೆ ಕೊಡವಿದೆ. ತಲೆಯೇ ಇಲ್ಲವೇನೋ ಅನ್ನುವಷ್ಟು ಹಗುರ!

ಅಕ್ಕ ನನ್ನತ್ತ ನೋಡುತ್ತಿರಲಿಲ್ಲ. ಬೆಂಚಿನ ಮೇಲೆ ಕೂತಿದ್ದ ವೈನಿಯನ್ನು ಕನ್ನಡಿಯಲ್ಲಿ ನೋಡುತ್ತಿದ್ದರು.

“ನಿಮ್ಮ ಕುತಿಗಿ ಎಡಕ್ಕ ವಾಲ್ಯದಲ್ಲರಿ. ನೋಯ್ತದೇನ್ರಿ?”

ವೈನಿ ಸೆರಗು ಎಳೆದುಕೊಂಡಳು. ಅಕ್ಕ ಅವಳ ಪಕ್ಕಕ್ಕೆ ಹೋಗಿ ಕೂತರು. ಮುಟ್ಟಲಿಲ್ಲ.

“ನಮ್ಮವ್ವಂದೂ ಹಿಂಗ ವಾಲತಿತ್ತು. ಆಕೀಗೆ ಜಟಿ ಇತ್ತು, ಸ್ವಂಟದ ತನಕ. ನಾನ ತೊಳೀತಿದ್ದೆ. ಬುಡದಾಗ ಹುಣ್ಣು ಇರ್ತಿದ್ದುವು. ದೇವರ ಮ್ಯಾಲ ನನಗೂ ಭಕ್ತಿ ಅದರಿ. ಆದ್ರ ಆ ಭಾರ ನಮ್ಮವ್ವ ಒಬ್ಬಾಕೀನ ಹೊತ್ಲು, ಸಾಯೂತನಕ.” ಇಷ್ಟು ಹೇಳಿ ಎದ್ದು ನೆಲ ಗುಡಿಸತೊಡಗಿದರು. ಕತ್ತರಿಸಿ ಎನ್ನಲಿಲ್ಲ, ಬಿಡಿ ಎನ್ನಲಿಲ್ಲ. 

ಮೂರು ತಿಂಗಳು ಕಳೆದವು. ಒಂದು ಮಧ್ಯಾಹ್ನ ಮೆಂತ್ಯೆಸೊಪ್ಪು ಬಿಡಿಸುತ್ತಾ ಕೂತಿದ್ದೆವು. ವೈನಿ ತಲೆ ಎತ್ತದೆ ಹೇಳಿದಳು: “ಕೂಸು ಕೇಳತು. ಅವ್ವಾ, ನೀ ಯಾವಾಗ್ಲೂ ಗ್ವಾಡಿ ಕಡೆ ಮಾರಿ ಮಾಡಿ ಯಾಕ ಮಲಗತಿ, ನನ್ನ ಕಡೆ ಯಾಕ ತಿರಗೂದಿಲ್ಲ ಅಂತ.” ಜಟೆ ಎಡಕ್ಕಿತ್ತು. ಆ ಮಗ್ಗುಲಿಗೆ ಮಲಗಲು ಆಗುತ್ತಿರಲಿಲ್ಲ. ಅವನು ಮಲಗುತ್ತಿದ್ದದ್ದು ಆ ಕಡೆಗೇ. ಸೊಪ್ಪಿನ ಕಡ್ಡಿ ಮುರಿಯುತ್ತಾ ಮುರಿಯುತ್ತಾ ಕೇಳಿದಳು: “ಪಾರ್ಲರಕ್ಕ ನಂದೂ ನೋಡ್ತಾರೇನು?”

ಅಣ್ಣನಿಗೆ ಅವಳೇ ಹೇಳಿದಳು. ಅಣ್ಣ ಒಳ್ಳೆಯವನು, ಆದರೆ ಅವ್ವನ ಮಾತಿಗೆ ಎದುರಾಡಿ ಗೊತ್ತಿಲ್ಲದವನು. ಬಹಳ ಹೊತ್ತು ಶೂ ಲೇಸು ಕಟ್ಟುತ್ತಾ ಕೂತು, “ನಿನ್ನ ತಲಿ, ನೀ ನೋಡು” ಎಂದು ಎದ್ದು ಹೋದ.

ಮಂಗಳವಾರ, ಶುಕ್ರವಾರ ದೇವಿಯ ವಾರಗಳು, ಅವತ್ತು ಬೇಡ ಎಂದಳು ವೈನಿ. “ನಿಮಗ ಬ್ಯಾಡಾದ ದಿನ ಬ್ಯಾಡ” ಎಂದರು ಅಕ್ಕ, ವಾದ ಮಾಡಲಿಲ್ಲ. ಗುರುವಾರ ಬೆಳಿಗ್ಗೆ ಹತ್ತಕ್ಕೆ ಹೋದೆವು. ಅಕ್ಕ ಶಟರನ್ನು ಅರ್ಧ ಇಳಿಸಿದ್ದರು. ನೆಲಕ್ಕೆ ಒಗೆದ ಬಿಳಿ ಬಟ್ಟೆ ಹಾಸಿದ್ದರು. ಚಿಕ್ಕ ಸ್ಟೋವಿನ ಮೇಲೆ ಔಡಲೆಣ್ಣೆ ಬಿಸಿಯಾಗುತ್ತಿತ್ತು. ವೈನಿ ಸೆರಗು ತೆಗೆದಳು. ಹೊರಗಿನವರ ಎದುರು ಅವಳು ಸೆರಗು ತೆಗೆದದ್ದನ್ನು ನಾನು ಐದು ವರ್ಷದಲ್ಲಿ ನೋಡಿರಲಿಲ್ಲ.

“ದೇವೀಗೆ ಏನರ ಹೇಳೂದಿದ್ರ ಹೇಳ್ರಿ. ಅವಸರ ಇಲ್ಲ, ನಾ ನಿಂದರ್ತೀನಿ.”

ವೈನಿ ಕಣ್ಣುಮುಚ್ಚಿದಳು. ತುಟಿ ಅಲುಗುತ್ತಿದ್ದವು. ಪಕ್ಕದಲ್ಲಿ ಗಿರಣಿ ಓಡುತ್ತಿತ್ತು. ಕೊನೆಗೆ ಕಣ್ಣು ತೆರೆಯದೆಯೇ, “ಹಚ್ರಿ” ಎಂದಳು.

ನಾನು ಒಂದೇ ಸಲ ಕತ್ತರಿ ಬೀಳುತ್ತದೆ ಅಂದುಕೊಂಡಿದ್ದೆ. ಆದರೆ ಅಕ್ಕ ಮೂರು ಗಂಟೆ ಕತ್ತರಿಯನ್ನೇ ಎತ್ತಲಿಲ್ಲ. ಬಿಸಿ ಎಣ್ಣೆಯನ್ನು ಬುಡಕ್ಕೆ ಇಳಿಸಿ, ಚೀಲ ಹೊಲಿಯುವ ದಬ್ಬಣದ ತುದಿಯಿಂದ ಒಂದೊಂದೇ ಎಳೆ ಬಿಡಿಸತೊಡಗಿದರು. ಎಷ್ಟು ಉಳಿಸಲು ಸಾಧ್ಯವೋ ಅಷ್ಟು ಉಳಿಸಬೇಕು ಎನ್ನುವುದು ಅವರ ಹಟ. ವೈನಿಗೆ ನೋವಾದಾಗ ನಿಲ್ಲಿಸುತ್ತಿದ್ದರು, ಅವಳು ತಲೆಯಾಡಿಸಿದ ಮೇಲೆ ಮುಂದುವರಿಸುತ್ತಿದ್ದರು. ಬೆರಳುಗಳಿಗೆ ಎಣ್ಣೆ ಮೆತ್ತಿ ಹೊಳೆಯುತ್ತಿದ್ದವು. ಬುಡದಿಂದ ಕೆನ್ನೆಯ ಮಟ್ಟದವರೆಗೆ ಬಿಟ್ಟಿತು. ಅದರ ಕೆಳಗೆ ಕಲ್ಲಾಗಿತ್ತು. ಆಗ ಕತ್ತರಿ ಹಾಕಿದರು. ಅದು ಬಟ್ಟೆಯ ಮೇಲೆ ಬಿದ್ದ ಸದ್ದು… ಕೂದಲು ಬಿದ್ದ ಸದ್ದಲ್ಲ ಅದು. ಯಾವುದೋ ವಸ್ತು ಬಿದ್ದ ಸದ್ದು.

ವೈನಿಯ ಕುತ್ತಿಗೆ ತಾನಾಗಿಯೇ ಬಲಕ್ಕೆ ಜರುಗಿತು. ಇಷ್ಟು ದಿನ ಹೊರೆಯ ವಿರುದ್ಧ ಎಳೆದೆಳೆದು ಅಭ್ಯಾಸವಾಗಿದ್ದ ಕುತ್ತಿಗೆ. ಅವಳಿಗೇ ಗಾಬರಿಯಾಯಿತು. ಅಕ್ಕ ಎರಡೂ ಅಂಗೈಗಳಲ್ಲಿ ಅವಳ ತಲೆ ಹಿಡಿದು ನೇರ ಮಾಡಿದರು.

ಕನ್ನಡಿಯಲ್ಲಿ ನೋಡಿಕೊಂಡ ವೈನಿ ಅಳತೊಡಗಿದಳು. ಎಡಕ್ಕೆ ಕೆನ್ನೆಯವರೆಗಿನ ಮೊಂಡು ಕೂದಲು, ಉಳಿದೆಲ್ಲ ಕಡೆ ಸೊಂಟದುದ್ದ. ಯಾರು ನೋಡಿದರೂ ಏನಾಗಿದೆ ಎಂದು ಗೊತ್ತಾಗುತ್ತಿತ್ತು. “ಇದನ್ನೂ ಸೆರಗಿನಾಗ ಮುಚ್ಚಬೇಕೇನ್ರಿ?” ಎಂದಳು.

ಅಕ್ಕ ಕೈ ಒರೆಸಿಕೊಂಡು ಕನ್ನಡಿಯ ಮುಂದಕ್ಕೆ ಬಂದರು. ಎಲ್ಲವನ್ನೂ ಕೆನ್ನೆಯ ಮಟ್ಟಕ್ಕೆ ಸಮ ಮಾಡಬಹುದು. ಹೀಗೇ ಬಿಟ್ಟು ಬೆಳೆಯುವವರೆಗೆ ಪಿನ್ ಹಾಕಿ ಮುಚ್ಚಬಹುದು. ಇಲ್ಲವಾದರೆ… ಎಂದು ವೈನಿಯ ಬಲಗಡೆಯ ಒಂದು ಎಳೆಯನ್ನು ಕೆನ್ನೆಯ ಹತ್ತಿರ ಮಡಚಿ ಹಿಡಿದರು. “ಉಳಿದದ್ದನ್ನ ಮೊದಲ ಪದರ ಮಾಡೋಣು. ಎಡಕ್ಕ ಎಷ್ಟದನೋ ಬಲಕ್ಕೂ ಅಷ್ಟ. ಅಲ್ಲಿಂದ ಕೆಳಗ ಇಳಿಸ್ಕೋತ ಹೋಗ್ತೀನಿ. ಹಿಂದ ಉದ್ದ ಹಂಗ ಇರ್ತದ. ಆರಸ್ರಿ. ನಿಮ್ಮ ತಲಿ.”

“ಉದ್ದ ಇರ್ತದೇನ್ರಿ ಖರೇನ?”

“ಸ್ವಂಟಕ್ಕ ಬಡೀತದ.”

ನನಗೆ ಗದ್ದದಿಂದ ಬೇಡ ಎಂದವರೇ ವೈನಿಗೆ ಕೆನ್ನೆಯಿಂದ ಶುರು ಮಾಡಿದರು. ಕೆಲಸ ಮುಗಿದಾಗ ಮಧ್ಯಾಹ್ನ ಎರಡೂವರೆ. ಮುಖದ ಎರಡೂ ಬದಿಗೆ ಕೆನ್ನೆ ತಾಗುವ ಕೂದಲು, ಅಲ್ಲಿಂದ ಹೆಗಲು, ಹೆಗಲಿನಿಂದ ಬೆನ್ನು, ಬೆನ್ನಿನಿಂದ ಸೊಂಟ. ಎಲ್ಲಿಯೂ ಮೆಟ್ಟಿಲು ಕಾಣದಂತೆ ಇಳಿದಿತ್ತು. ಕಳೆದುಕೊಂಡದ್ದರ ಗುರುತೇ ಇರಲಿಲ್ಲ, ಬೇಕೆಂದೇ ಮಾಡಿಸಿಕೊಂಡಂತಿತ್ತು. ಬುಡದ ಚರ್ಮ ಕೆಂಪಾಗಿದೆ, ಡಾಕ್ಟರಿಗೆ ತೋರಿಸಿ ಎಂದರು. ಬಿದ್ದದ್ದನ್ನು ಬಿಳಿ ಬಟ್ಟೆಯಲ್ಲಿ ಗಂಟು ಕಟ್ಟಿ ಕಪಾಟಿನ ಮೇಲಿಟ್ಟರು. “ಇದನ್ನ ನಾ ಒಗಿಯೂದಿಲ್ಲ. ಯಾರರ ಕೇಳ್ಕೊಂಡು ಬರ್ತಾರ” ಎಂದರು.

ಆ ಸಂಜೆ ಮಗ ಪ್ಲೇಸ್ಕೂಲಿನಿಂದ ಬಂದು ತಾಯಿಯ ಮುಖದ ಬದಿಯ ಕೂದಲನ್ನು ಹಿಡಿದು ಎಳೆದು ನಕ್ಕ. ಅಷ್ಟೇ. ಅಣ್ಣ ನೋಡಿದ, ಏನೋ ಹೇಳಲು ಹೋಗಿ ಕೆಮ್ಮಿದ. ಆದರೆ ಅವನಿಗೆ ಮುಚ್ಚಿಡಲು ಬರುವುದಿಲ್ಲ. ಮರುದಿನ ಅವನೇ ಅವ್ವನಿಗೆ ಫೋನ್ ಮಾಡಿದ.

ಮೂರನೇ ದಿನ ಸ್ವಾರಗೇಟ್ ಬಸ್‌ಸ್ಟ್ಯಾಂಡಿಗೆ ಹೋಗಿ ವಿಜಯಪುರದ ಬಸ್ಸಿನಿಂದ ಅವ್ವನನ್ನು ಇಳಿಸಿಕೊಂಡೆ.  ನನ್ನ ಪದರಗಳಂತೂ ಅವಳ ಕಣ್ಣಿಗೆ ಬೀಳಲೇ ಇಲ್ಲ. ಮನೆಯ ಬಾಗಿಲಲ್ಲಿ ನಿಂತು ವೈನಿಯನ್ನು ನೋಡಿದಳು, ಒಳಗೆ ಬರಲಿಲ್ಲ. “ಎಲ್ಲದ ಆ ಪಾರ್ಲರು?” ಎಂದಳು.

ಕರೆದುಕೊಂಡು ಹೋದೆ. ಪಾರ್ಲರಿನಲ್ಲಿ ಇಬ್ಬರು ಗಿರಾಕಿಗಳಿದ್ದರು. ಅವ್ವನಿಗೆ ಅದೆಲ್ಲ ಲಕ್ಷ್ಯವಿಲ್ಲ. “ಯಾರನ್ನ ಕೇಳಿ ಕತ್ರಿ ಹಚ್ಚಿದಿ?” ಎಂದು ಬಾಗಿಲಿನಿಂದಲೇ ಕೂಗಿದಳು.

ಅಕ್ಕ ಕತ್ತರಿ ಕೆಳಗಿಟ್ಟರು. “ತಲಿ ಯಾರದದನೋ ಆಕೀನ್ನ ಕೇಳೇನ್ರಿ ಅವ್ವಾರ.”

“ದೇವಿ ಸಿಟ್ಟಾದ್ರ? ನನ್ನ ಮೊಮ್ಮಗಗ ಏನರ ಆದ್ರ ಯಾರು ಹೊಣಿ?”

“ನಾನು.” ಅಕ್ಕನ ದನಿ ಏರಲಿಲ್ಲ. “ಕೈ ನಂದು, ಕತ್ರಿ ನಂದು. ನಿಮ್ಮ ಸೊಸೀಗೆ ಏನೂ ಅನಬ್ಯಾಡ್ರಿ. ದೇವಿ ಮುಂದ ನನ್ನ ಹೆಸರು ಹೇಳ್ರಿ, ನಮ್ಮ ಮನೀ ಹೆಸರೂ ಹೇಳ್ರಿ. ಕೇಳೂದಿದ್ರ ನನ್ನ ಕೇಳ್ಲಿ.” ಎಂದು ತಮ್ಮ ಹೆಸರು, ತಂದೆಯ ಹೆಸರು, ಹುಟ್ಟಿದ ಊರು ಎಲ್ಲವನ್ನೂ ಒಂದೊಂದಾಗಿ ಹೇಳಿದರು. ಆಮೇಲೆ ಕಪಾಟಿನಿಂದ ಗಂಟು ಇಳಿಸಿ ಎರಡೂ ಕೈಯಲ್ಲಿ ಅವ್ವನಿಗೆ ಕೊಟ್ಟರು. ಅವ್ವ ಅದನ್ನು ಎದೆಗವಚಿಕೊಂಡು ಅಲ್ಲೇ ಬೆಂಚಿನ ಮೇಲೆ ಕುಸಿದು ಕೂತಳು. ಕೋಪ ಎಲ್ಲಿ ಹೋಯಿತೋ. “ಆಕಿ ಸತ್ತಂಗ ಬಿದ್ದಿದ್ಲು… ನಾ ಬೇಡ್ಕೊಂಡಿದ್ದೆ” ಎನ್ನುತ್ತಾ ಅತ್ತಳು. ಅಕ್ಕ ನೀರು ಕೊಟ್ಟರು. ಅವ್ವ ಕುಡಿಯಲಿಲ್ಲ.

ಮುಂದಿನ ಎರಡು ವಾರ ಮನೆಯಲ್ಲಿ ಅವ್ವ, ವೈನಿ ಒಬ್ಬರಿಗೊಬ್ಬರು ಬೇಕಾದಷ್ಟೇ ಮಾತಾಡಿದರು. ಗಂಟು ದೇವರ ಕೋಣೆಯಲ್ಲಿತ್ತು. ಊರಿಗೆ ಹೋಗುವಾಗ ಸವದತ್ತಿಯ ಎಲ್ಲಮ್ಮನ ಗುಡಿಗೆ ಒಯ್ಯುತ್ತೇನೆ ಎಂದಿದ್ದಳು ಅವ್ವ. ಅಷ್ಟರಲ್ಲಿ ಮಗುವಿಗೆ ಜ್ವರ ಬಂತು.

ಮೊದಲ ದಿನ ಮನೆಯಲ್ಲೇ ಮಾತ್ರೆ ಕೊಟ್ಟೆವು. ಎರಡನೇ ದಿನ ಮೈಮೇಲೆ ಕೆಂಪು ಗುಳ್ಳೆ ಎದ್ದವು. ಮೂರನೇ ದಿನ ಚಿಂಚವಾಡದ ಆಸ್ಪತ್ರೆಗೆ ಸೇರಿಸಿದೆವು. ಡೆಂಗಿ ಎಂದರು ಡಾಕ್ಟರು, ರಕ್ತದ ಕಣ ಇಳಿಯುತ್ತಿವೆ ಎಂದರು. ವೈನಿ ಕೂದಲನ್ನೆಲ್ಲ ಸೆರಗಿನೊಳಗೆ ತುರುಕಿಕೊಂಡು ಗೋಡೆಗೆ ಮುಖ ಮಾಡಿ ಕೂತಿದ್ದಳು. ಅವ್ವ ಅವಳನ್ನು ಬೈಯಲಿಲ್ಲ.  ನನ್ನನ್ನೂ ಬೈಯಲಿಲ್ಲ. ಅವಳನ್ನು ಆ ಪಾರ್ಲರಿಗೆ ಕರೆದುಕೊಂಡು ಹೋದವಳು ನಾನೇ ತಾನೆ?

ಯಾರು ಹೇಳಿದರೋ ಗೊತ್ತಿಲ್ಲ. ನಾಲ್ಕನೇ ದಿನ ಬೆಳಿಗ್ಗೆ ಎಂಟಕ್ಕೆ ಅಕ್ಕ ಆಸ್ಪತ್ರೆಯ ವರಾಂಡದಲ್ಲಿದ್ದರು. ಕೈಯಲ್ಲಿ ಗಂಜಿಯ ಡಬ್ಬಿ, ಹೆಗಲಲ್ಲಿ ಒಂದು ಚೀಲ. ಅವ್ವನನ್ನು ಕಂಡು ತಲೆ ತಗ್ಗಿಸಲಿಲ್ಲ, ಎದುರಿಗೇ ಹೋಗಿ ನಿಂತರು.

“ನನ್ನ ಹೆಸರು ಕೊಟ್ಟಿದ್ದೆ. ಅದಕ್ಕ ಬಂದೇನ್ರಿ.”

ನಾಲ್ಕು ದಿನ ಪಾರ್ಲರ್ ಮುಚ್ಚಿ ಅವರು ಬೆಳಿಗ್ಗೆ ಬಂದು ಸಂಜೆ ಹೋದರು. ಮಗುವಿಗೆ ನೀರು ಕುಡಿಸುವುದು, ರಿಪೋರ್ಟ್ ತರುವುದು, ಅಣ್ಣನನ್ನು ಬೈದು ಊಟಕ್ಕೆ ಕಳಿಸುವುದು. ಒಮ್ಮೆ ವೈನಿಯ ಸೆರಗನ್ನು ತಾವೇ ಹಿಂದಕ್ಕೆ ಸರಿಸಿ, “ನಿಮ್ಮ ಓಣಿಯೊಳಗ ಎಂಟು ಹುಡುಗ್ರಿಗೆ ಇದ ಜ್ವರ ಬಂದದ. ಅವರವ್ವಗೋಳು ಯಾರೂ ನನ್ನ ಕಡೆ ಜಟಿ ತಗಸಿಲ್ಲ. ಸೊಳ್ಳಿ ಯಾರ ತಲೀನೂ ನೋಡಿ ಕಡಿಯೂದಿಲ್ಲ” ಎಂದರು. ವಾರ್ಡಿನ ನರ್ಸಿಗೆ ಭಾಷೆ ಗೊತ್ತಿರಲಿಲ್ಲ, ಆದರೂ ಆ ದನಿಗೇ ತಿರುಗಿ ನೋಡಿದಳು.

ಆದರೆ ನಾನು ಇನ್ನೊಂದನ್ನೂ ನೋಡಿದ್ದೇನೆ. ಅವರು ಬಂದ ಎರಡನೇ ದಿನ ಮಧ್ಯಾಹ್ನ ಕೆಳಗಿನ ಕ್ಯಾಂಟೀನಿನಲ್ಲಿ ಚಹಾ ಕುಡಿಯಲು ಕೂತಾಗ ಅವರ ಕೈಯಲ್ಲಿ ಕಪ್ಪೂ ಬಸಿಯೂ ಒಂದಕ್ಕೊಂದು ತಾಗಿ ಸದ್ದಾಗುತ್ತಿತ್ತು. ಕೂದಲೆಳೆಯನ್ನು ದಬ್ಬಣದಿಂದ ಬಿಡಿಸಿದ ಕೈ ಅದು. ನಾನು ನೋಡಿದ್ದು ಅವರಿಗೆ ಗೊತ್ತಾಯಿತು.

“ಅಂಜಿಕಿ ಆಗ್ಯದವ್ವಾ ನನಗೂ. ನಾ ಅದನ್ನೆಲ್ಲ ನಂಬೂದಿಲ್ಲ. ಆದ್ರ ಅಂಜಿಕಿ ನನ್ನ ಕೇಳಿ ಬರೂದಿಲ್ಲಲ್ಲ…” ಚಹಾ ಮುಗಿಸಿ ಮುಖ ತೊಳೆದು ಮೇಲೆ ಹೋದರು. ವಾರ್ಡಿನೊಳಗೆ ಕಾಲಿಡುವಾಗ ಎಂದಿನ ಪಾರ್ಲರ್ ಅಕ್ಕನೇ.

ಏಳನೇ ದಿನ ರಕ್ತದ ಕಣ ಏರತೊಡಗಿದವು. ಮಗು ಹಾಸಿಗೆಯಲ್ಲಿ ಎದ್ದು ಕೂತು ಬಿಸ್ಕೀಟು ಕೇಳಿತು. ಅಕ್ಕ ಚೀಲ ಹೆಗಲಿಗೇರಿಸಿಕೊಂಡು ಹೊರಟರು. ಇನ್ನು ತಮ್ಮ ಕೆಲಸವಿಲ್ಲ ಎನ್ನುವಂತೆ. ಅವ್ವ ಬೆಂಚಿನಿಂದ ಎದ್ದಳು.  “ಡಬ್ಬಿ ತೊಳದಿಟ್ಟೀನಿ, ಒಯ್ರಿ” ಎಂದಳು. ನೀ ಎಂದು ಏಕವಚನದಲ್ಲಿ ಕೂಗಿದ್ದವಳ ಬಾಯಲ್ಲಿ ಆ ‘ರಿ’ ಬಂತು. ಅಕ್ಕ ಡಬ್ಬಿ ತೆಗೆದುಕೊಂಡರು.

ಆಮೇಲಿನದ್ದು ನೆನೆದರೆ ನಗು ಬರುತ್ತದೆ. ಶಾಲೆಯ ಗೇಟಿನ ಹತ್ತಿರ ವೈನಿಯಿಂದ ಎರಡು ಮಾರು ದೂರ ನಿಲ್ಲುತ್ತಿದ್ದ ತಾಯಂದಿರೇ ಅವಳನ್ನು ಹಿಡಿದು ನಿಲ್ಲಿಸಿ, ಮರಾಠಿಯಲ್ಲಿ, ಈ ಕಟ್ ಎಲ್ಲಿ ಮಾಡಿಸಿದೆ ಎಂದು ಕೇಳತೊಡಗಿದರು. ವೈನಿ ಸೆರಗಿಲ್ಲದೆ, ಕೂದಲು ಬಿಟ್ಟು, ನಿಗಡಿಯ ಬೀದಿಯಲ್ಲಿ ನಡೆದು ಅವರನ್ನೆಲ್ಲ ಪಾರ್ಲರಿಗೆ ಕರೆದುಕೊಂಡು ಹೋಗುತ್ತಿದ್ದಳು. ಕೆಲವರು ಮಾತ್ರ ಅಕ್ಕನ ಹತ್ತಿರ ಬರುವುದನ್ನು ಬಿಟ್ಟರು, ದೇವಿಯದನ್ನು ಮುಟ್ಟಿದ ಕೈ ಎಂದು. ಅಕ್ಕ ತಲೆಕೆಡಿಸಿಕೊಳ್ಳಲಿಲ್ಲ. ಆ ವರ್ಷವೇ ಇನ್ನೂ ಇಬ್ಬರು ಹೆಂಗಸರು ತಲೆ ಮುಚ್ಚಿಕೊಂಡು ಅವರನ್ನು ಹುಡುಕಿಕೊಂಡು ಬಂದರು. ಇಬ್ಬರಿಗೂ ಅರ್ಧ ಶಟರು, ಬಿಳಿ ಬಟ್ಟೆ, ಅದೇ ಮಾತು: ಅವಸರ ಇಲ್ಲ, ನಾ ನಿಂದರ್ತೀನಿ.

ನನ್ನ ಮದುವೆಯಾಯಿತು, ಹಡಪಸರದ ಕಡೆಗೆ ಬಂದೆ. ಊರಿನ ಮನೆ ಬಿಟ್ಟು ಅವ್ವ ಅಣ್ಣನ ಹತ್ತಿರವೇ ಉಳಿದಳು. ಅವರೂ ಹೊಸ ಫ್ಲ್ಯಾಟಿಗೆ ಹೋದರು. ನಿಗಡಿಯ ಆ ಕಟ್ಟಡವನ್ನು ಕೆಡವಿ ಹೊಸದು ಕಟ್ಟುತ್ತಾರೆಂದು ಅಂಗಡಿಗಳನ್ನು ಖಾಲಿ ಮಾಡಿಸಿದರು. ಅಕ್ಕ ಸೊಲ್ಲಾಪುರದ ಮಗಳ ಮನೆಗೆ ಹೋದರು. ಮೊದಲು ತಿಂಗಳಿಗೊಮ್ಮೆ ಫೋನು, ಆಮೇಲೆ ದೀಪಾವಳಿಗೆ, ಆಮೇಲೆ… ಯಾವ ವರ್ಷದಿಂದ ಮಾಡಲಿಲ್ಲ ಎಂದು ನನಗೆ ನಿಜಕ್ಕೂ ನೆನಪಿಲ್ಲ. ಜಗಳವಿಲ್ಲ, ಕಾರಣವಿಲ್ಲ. ನಂಬರು ಇತ್ತು, ಅವರೂ ಇದ್ದರು. ನಾವು ನಾಳೆ ಮಾಡಿದರಾಯಿತು ಎಂದುಕೊಂಡೆವು.

ಹೋದ ತಿಂಗಳು ವೈನಿ ಯಾವುದೋ ಕೆಲಸಕ್ಕೆ ನಿಗಡಿಗೆ ಹೋದಾಗ ಆ ಬ್ಲೌಸ್ ಅಂಗಡಿಯವರು ಸಿಕ್ಕರಂತೆ. ಅಕ್ಕ ತೀರಿಕೊಂಡು ಎಂಟು ತಿಂಗಳಾಯಿತು ಎಂದು ಅವರು ಹೇಳಿದರು. ಮಲಗಿದ್ದು ಹದಿನೈದೇ ದಿನವಂತೆ. ನಮ್ಮನ್ನು ಕೇಳಿದ್ದರೋ ಇಲ್ಲವೋ ಅವರಿಗೆ ಗೊತ್ತಿಲ್ಲ. ಇನ್ನು ಯಾರನ್ನೂ ಕೇಳಿ ತಿಳಿಯುವಂತಿಲ್ಲ.

ವೈನಿ ಫೋನ್ ಮಾಡಿದಾಗ ನಾನು ಕೂಡಲೇ ಅಣ್ಣನ ಮನೆಗೆ ಹೋದೆ. ಅವ್ವನಿಗೆ ಹೇಗೆ ಹೇಳುವುದು, ಹೇಳಬೇಕೋ ಬೇಡವೋ ಎಂದು ನಾವಿಬ್ಬರೂ ಅಡುಗೆಮನೆಯಲ್ಲಿ ಪಿಸುಗುಟ್ಟಿದೆವು. ಅವಳಿಗೀಗ ಎಂಬತ್ತು ಸಮೀಪ, ಕಿವಿ ಮಂದ. ಕೊನೆಗೆ ವೈನಿಯೇ ಅವಳ ಹತ್ತಿರ ಕೂತು ಗಟ್ಟಿಯಾಗಿ ಹೇಳಿದಳು. ಅವ್ವ ಕೇಳಿಸಿಕೊಂಡಳು. ಅಕ್ಕನ ಹೆಸರನ್ನು, ಅವರ ತಂದೆಯ ಹೆಸರನ್ನು, ಹುಟ್ಟಿದ ಊರನ್ನು ಒಂದೊಂದಾಗಿ ಹೇಳಿ, “ಆಕೀನ?” ಎಂದು ಕೇಳಿದಳು. ಒಂದಕ್ಷರ ತಪ್ಪಲಿಲ್ಲ.

“ಹೌದ್ರಿ” ಎಂದಳು ವೈನಿ.

ಅವ್ವ ಗೋಡೆ ಹಿಡಿದು ಎದ್ದಳು. ಬಚ್ಚಲಿಗೆ ಹೋಗಿ, ಉಟ್ಟ ಸೀರೆಯಲ್ಲೇ, ತಲೆಯ ಮೇಲೆ ತಣ್ಣೀರು ಸುರಿದುಕೊಂಡಳು. ನಮ್ಮಲ್ಲಿ ಸಾ​ವಿನ ಸುದ್ದಿ ಕೇಳಿ ಹಾಗೆ ಸ್ನಾನ ಮಾಡುವುದು ಸತ್ತವರು ರಕ್ತಸಂಬಂಧಿಕರಾಗಿದ್ದರೆ ಮಾತ್ರ. ಅವಳು ಹೊರಗೆ ಬಂದ ಮೇಲೆ ವೈನಿ ಒಳಗೆ ಹೋದಳು. ವೈನಿಯ ನಂತರ ನಾನು.